ಏಳನೇ ನಂಬರ್ ಮನೆಯ ಗಾಳಿ

"ನಮ್ಮ ಮನೆ ಗಾಳಿಯನ್ನ ಬಾಟಲಿಗೆ ತುಂಬಿ ಆಸ್ಪತ್ರೆಗಳಿಗೆ ಕಳಿಸಬಹುದು. ಅಷ್ಟು ಶುದ್ಧ!"

ಇಡೀ ಕಚೇರಿಯ ಎದುರು ಹೀಗೆ ಘೋಷಿಸಿದವರು ಧೂಳಪ್ಪನವರು. ಇದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತು ವರ್ಷ ಒಂದೇ ಸಮನೆ ಧೂಳಿನ ಬಗ್ಗೆ ಸಂಶೋಧನೆ ಮಾಡಿದ ತಪ್ಪಿಗೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಅವರದ್ದು ಕಸಪೊರಕೆಗೆ ಸಿಗುವ ಸಾಮಾನ್ಯ ಧೂಳಲ್ಲ. ಕೂದಲಿನ ದಪ್ಪವನ್ನು ಮೂವತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟಿರುವ ಸೂಕ್ಷ್ಮ ಕಣ! ಮೂಗಿನ ಕಾವಲು ದಾಟಿ, ಶ್ವಾಸಕೋಶದ ಕೊನೆಯ ಓಣಿಗೆ ಇಳಿದು, ಅಲ್ಲಿಂದ ರಕ್ತಕ್ಕೂ ಹೃದಯಕ್ಕೂ ಲಗ್ಗೆ ಹಾಕುವ ಅಗೋಚರ ದಂಡು. ಅದರ ಬಗ್ಗೆ ಮಾತಾಡಲು ಶುರು ಮಾಡಿದರೆ ಧೂಳಪ್ಪನವರು ಊಟ ಮರೆಯುತ್ತಿದ್ದರು, ಕೇಳುವವರು ಉಸಿರಾಡಲು ಹೆದರುತ್ತಿದ್ದರು.

ಈ ಸಲದ ಸಂಶೋಧನೆ ಮನೆಯೊಳಗಿನ ಗಾಳಿಯದು. ಹನ್ನೆರಡು ಮನೆಗಳಲ್ಲಿ ಎರಡು ವಾರ ಒಂದೊಂದು ಯಂತ್ರ ಇಡಬೇಕು. ಅದು ನಿಮಿಷ ನಿಮಿಷಕ್ಕೂ ಧೂಳನ್ನು ಅಳೆಯುತ್ತದೆ. ಜೊತೆಗೆ ಮನೆಯವರು ಒಂದು ಡೈರಿ ಬರೆಯಬೇಕು: ಹದಿನೈದು ನಿಮಿಷಕ್ಕೊಮ್ಮೆ ಯಾರು, ಎಲ್ಲಿ, ಏನು ಮಾಡುತ್ತಿದ್ದರು ಎಂದು. ಯಂತ್ರದ ಗೆರೆ ಮೇಲೇರಿದ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ತಾಳೆ ನೋಡಿದರೆ ಧೂಳಿನ ಮೂಲ ಸಿಕ್ಕಿಬೀಳುತ್ತದೆ. ಹನ್ನೆರಡರಲ್ಲಿ ತಮ್ಮ ಮನೆಯೂ ಒಂದಾಗಲಿ, ಉಳಿದವಕ್ಕೆ ಅದೇ ಮಾದರಿಯಾಗಲಿ ಎಂದು ಧೂಳಪ್ಪನವರು ತಾವೇ ಸೇರಿಸಿಕೊಂಡರು. ನಂಬರ್ ಏಳು ಬಿತ್ತು.

ಡೈರಿಯ ನಿಯಮಗಳನ್ನು ರೂಪಿಸಿದವರೂ ಅವರೇ. ಪೆನ್ನಿನಲ್ಲೇ ಬರೆಯಬೇಕು. ಬರೆದದ್ದನ್ನು ತಿದ್ದುವಂತಿಲ್ಲ. ದಿನದ ಹಾಳೆಯನ್ನು ಅಂದೇ ಲಕೋಟೆಗೆ ಹಾಕಿ ಅಂಟಿಸಬೇಕು. ಅದನ್ನು ತೆರೆಯುವ ಅಧಿಕಾರ ಕಚೇರಿಯ ಅಂಕಿಅಂಶದ ಮೇಡಂಗೆ ಮಾತ್ರ, ಸಂಶೋಧಕರೂ ಇಣುಕುವಂತಿಲ್ಲ. ವಿಜ್ಞಾನ ಎಂದರೆ ಹುಡುಗಾಟವಲ್ಲ ನೋಡಿ!

ಡೈರಿ ಬರೆಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಆಕೆ ಕೋರ್ಟಿನಲ್ಲಿ ಸ್ಟೆನೋಗ್ರಾಫರ್, ಆಗ ರಜೆಯಲ್ಲಿದ್ದಳು. ಸಾಕ್ಷಿ ಸೀನಿದರೂ ಸೀನಿದ ಎಂದೇ ದಾಖಲಿಸುವ ಕೈ ಅದು. ಅವಳು ಪೆನ್ನಿನ ಮುಚ್ಚಳ ತೆಗೆಯುತ್ತ ಒಂದೇ ಪ್ರಶ್ನೆ ಕೇಳಿದಳು.

"ಎಲ್ಲಾನೂ ಬರೀಬೇಕಾ ರೀ?"

"ಎಲ್ಲಾನೂ. ಮುಲಾಜೇ ಬೇಡ."

ಯಂತ್ರ ಹಾಲ್‌ನಲ್ಲಿ ಕನ್ನಡಿಯ ಪಕ್ಕದ ಕಪಾಟಿನ ಮೇಲೆ ಗುಂಯ್‌ಗುಡುತ್ತ ಕುಳಿತಿತು. ಧೂಳಪ್ಪನವರ ಆಳ್ವಿಕೆ ಆರಂಭವಾಯಿತು. ಕರಿಯುವುದು ನಿಷೇಧ, ಹುರಿಯುವುದು ನಿಷೇಧ. ಗುಡಿಸುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಾಸಿಗೆ ಕೊಡವಿದರೆ ಗಡೀಪಾರು. ಎರಡು ದಿನ ಬೇಯಿಸಿದ ತರಕಾರಿ ತಿಂದ ಮಾವ, "ಆಸ್ಪತ್ರೆಗೆ ಕಳಿಸೋದು ಗಾಳೀನೋ ನನ್ನನ್ನೋ?" ಎಂದು ಮಗಳ ಹತ್ತಿರ ವಿಚಾರಿಸಿದರು.

ಮಾವ ಎಂದರೆ ಹೆಂಡತಿಯ ತಂದೆ. ಮೂವತ್ತೈದು ವರ್ಷ ರೈಲಿನ ಇಂಜಿನ್ ಓಡಿಸಿ ನಿವೃತ್ತರಾದವರು. ತಮ್ಮ ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಮಾತು ಕಡಿಮೆ, ಅಭಿಮಾನ ಹೆಚ್ಚು. ಧೂಳಪ್ಪನವರಿಗೆ ಅವರ ಮೇಲೆ ನಿಜವಾಗಿಯೂ ಪ್ರೀತಿಯಿತ್ತು, ಅದನ್ನು ಬಾಯಿಬಿಟ್ಟು ಹೇಳಿದವರಲ್ಲ ಅಷ್ಟೆ.

ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದರೂ ಯಂತ್ರ ಕೈಕೊಟ್ಟಿತು! ದಿನವಿಡೀ ಹನ್ನೆರಡು, ಹದಿನೈದು ಎಂದು ಸಾಧುವಾಗಿ ಹರಿಯುತ್ತಿದ್ದ ಗೆರೆ ಸಂಜೆ ಆರೂಮುಕ್ಕಾಲಾದರೆ ಸಾಕು, ಬಾಲಕ್ಕೆ ಬೆಂಕಿ ಬಿದ್ದಂತೆ ಮುನ್ನೂರಕ್ಕೆ ನೆಗೆಯುತ್ತಿತ್ತು. ಒಂದು ದಿನವಲ್ಲ, ಪ್ರತಿದಿನ. ಧೂಳಪ್ಪನವರು ಕೆಳಗಿನ ಮನೆಯ ದರ್ಜಿಯ ಇಸ್ತ್ರಿಪೆಟ್ಟಿಗೆಯನ್ನು ಶಂಕಿಸಿ ಹೋಗಿ ಮೂಸಿ ನೋಡಿ ಬಂದರು. ಬೀದಿಯಲ್ಲಿ ನಿಂತು ಬಸ್ಸುಗಳನ್ನು ಎಣಿಸಿದರು. ಮೇಲಿನ ಮನೆಯವರ ಬಾಗಿಲು ತಟ್ಟಿ, ಅಡುಗೆ ಎಷ್ಟು ಹೊತ್ತಿಗೆ ಎಂದು ಕೇಳಿದಾಗ ಅವರು ಊಟಕ್ಕೆ ಬರುತ್ತಾರೇನೋ ಎಂದು ಗಾಬರಿಯಾಗಿ ಬೀಗ ಹಾಕಿಕೊಂಡು ಹೊರಟುಹೋದರು. ಗೆರೆ ಮಾತ್ರ ಅಂದೂ ನೆಗೆಯಿತು.

ಹನ್ನೊಂದನೆಯ ದಿನ ಧೂಳಪ್ಪನವರ ಕಣ್ಣಿಗೆ ಒಂದು ಸುಳಿವು ಬಿತ್ತು. ಆರೂಮುಕ್ಕಾಲರ ಹೊತ್ತಿಗೆ ಮಾವ ಎರಡು ಸಲ ಕೆಮ್ಮಿ, ಮೆಲ್ಲಗೆ ಎದ್ದು, ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಮರುದಿನವೂ ಅದೇ ಹೊತ್ತು, ಅದೇ ಕೆಮ್ಮು, ಅದೇ ಬಾಗಿಲು. ಇಪ್ಪತ್ತು ವರ್ಷದ ಅನುಭವ ಒಂದೇ ಏಟಿಗೆ ತೀರ್ಪು ಕೊಟ್ಟಿತು: ಮಾವ ಕದ್ದು ಸಿಗರೇಟು ಸೇದುತ್ತಿದ್ದಾರೆ!

ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಪಿಸುಮಾತಿನಲ್ಲಿ ಈ ಶೋಧವನ್ನು ಮಂಡಿಸಿದಾಗ ಅವಳು ತಿರುಗಿಯೂ ನೋಡಲಿಲ್ಲ.

"ಅಪ್ಪ ಜೀವಮಾನದಲ್ಲಿ ಸಿಗರೇಟು ಮುಟ್ಟಿದವರಲ್ಲ. ಡೈರಿ ತೆಗೆದು ಓದಿ."

"ಓದೋ ಹಾಗಿಲ್ಲ. ನಿಯಮ."

"ಹಾಗಾದ್ರೆ ಬಾಯಿ ಮುಚ್ಚಿಕೊಂಡಿರಿ. ಇದು ನನ್ನ ನಿಯಮ."

ಮುಚ್ಚಿಕೊಂಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ತಿಂಗಳು ಕಚೇರಿಯವರು ಧೂಳಪ್ಪನವರಿಗೆ ಇನ್ನೊಂದು ಗೌರವ ಒಪ್ಪಿಸಿದ್ದರು. ಪ್ರತಿದಿನ ಸಂಜೆ ಏಳಕ್ಕೆ ಮನೆಯ ಹಾಲ್‌ನಲ್ಲೇ ಮೊಬೈಲಿನ ಮುಂದೆ ಕುಳಿತು, ನೇರಪ್ರಸಾರದಲ್ಲಿ ಜನರ ಪ್ರಶ್ನೆಗಳಿಗೆ ಉತ್ತರಿಸುವುದು. ಹದಿಮೂರನೆಯ ದಿನ ಯಾರೋ ಪುಣ್ಯಾತ್ಮರು ಕೇಳಿದರು, ನಿಮ್ಮ ಸ್ವಂತ ಮನೆಯ ಗಾಳಿ ಹೇಗಿದೆ ಸರ್ ಎಂದು. ಧೂಳಪ್ಪನವರು ಎದೆಯುಬ್ಬಿಸಿದರು.

"ಅತ್ಯುತ್ತಮ. ಆದರೆ ನಮ್ಮ ಮನೆಯಲ್ಲೂ ಹಿರಿಯರೊಬ್ಬರು ಬಾಲ್ಕನಿಯಲ್ಲಿ ಕದ್ದು ಸಿಗರೇಟು ಸೇದುತ್ತಾರೆ. ಒಬ್ಬರ ಚಟಕ್ಕೆ ಎಲ್ಲರ ಶ್ವಾಸಕೋಶ ಬಲಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವನ ಹಳೆಯ ರೈಲ್ವೆ ಗೆಳೆಯರೆಲ್ಲ ಅಳಿಯನ ಕಾರ್ಯಕ್ರಮವನ್ನು ತಪ್ಪದೆ ನೋಡುತ್ತಿದ್ದರು. ಐದು ನಿಮಿಷದಲ್ಲಿ ಮಾವನ ಫೋನು ಹೊಡೆದುಕೊಳ್ಳಲು ಶುರುವಾಯಿತು. ಈ ವಯಸ್ಸಿನಲ್ಲಿ ಇದೇನಯ್ಯಾ ಎಂದು ಒಬ್ಬ ಬೈದ, ಯಾವ ಬ್ರಾಂಡು ಎಂದು ಇನ್ನೊಬ್ಬ ಕೇಳಿದ. ಮಾವ ಫೋನು ಆರಿಸಿಟ್ಟರು. ಒಳಗೆ ಹೋಗಿ ಟ್ರಂಕು ಎಳೆದರು. ನಾಳೆ ಸಂಜೆಯ ರೈಲಿಗೆ ಕಿರಿಯ ಮಗಳ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದು ಮಗಳಿಗೆ ಮಾತ್ರ ಹೇಳಿದರು. ಅವಳು ಕಣ್ಣೊರೆಸಿಕೊಂಡು ಅದನ್ನೂ ಡೈರಿಯಲ್ಲಿ ಬರೆದಳು. ಧೂಳಪ್ಪನವರು ಕೋಣೆಯ ಬಾಗಿಲವರೆಗೆ ಹೋದರು, ಆದರೂ ವಿಜ್ಞಾನಕ್ಕೆ ನೆಂಟಸ್ತಿಕೆಯಿಲ್ಲ ಎಂದು ಬಿಗಿಯಾಗಿಯೇ ಉಳಿದರು.

ಮರುದಿನ ಮಧ್ಯಾಹ್ನ ಕಚೇರಿಯಲ್ಲಿ ಅಲ್ಲಿಯವರೆಗಿನ ಫಲಿತಾಂಶ ನೋಡುವ ಸಭೆ. ನಿರ್ದೇಶಕರು, ಸಹೋದ್ಯೋಗಿಗಳು, ಗೋಡೆಯ ಮೇಲೆ ಗೆರೆಗಳು. ಅಂಕಿಅಂಶದ ಮೇಡಂ ಏಳನೇ ನಂಬರಿಗೆ ಬಂದು ಕನ್ನಡಕ ಸರಿಮಾಡಿಕೊಂಡರು. ಇಂಥ ಡೈರಿಯನ್ನು ತಾವು ಹಿಂದೆಂದೂ ಓದಿಲ್ಲ, ಹದಿಮೂರು ದಿನವೂ ಆರೂಮುಕ್ಕಾಲಕ್ಕೆ ಇದೇ ದಾಖಲೆ ಇದೆ ಎಂದು ಹೇಳಿ ಗಟ್ಟಿಯಾಗಿ ಓದತೊಡಗಿದರು.

"ಸಂಜೆ ಆರೂಮುಕ್ಕಾಲು. ಸ್ಥಳ: ಹಾಲ್, ಕನ್ನಡಿಯ ಮುಂದೆ. ಯಜಮಾನರು ಬೋಳುತಲೆ ಹೊಳೆಯಬಾರದೆಂದು ಪೌಡರ್ ಹಚ್ಚಿದರು. ಸಾಲದೆಂದು ಇನ್ನೊಮ್ಮೆ ಹಚ್ಚಿದರು. ಜಾಸ್ತಿಯಾಯಿತೆಂದು ಟವೆಲಿನಿಂದ ಜೋರಾಗಿ ಕೊಡವಿದರು. ಅಪ್ಪ ಕೆಮ್ಮುತ್ತ ಬಾಲ್ಕನಿಗೆ ಹೋದರು. ಕೈಯಲ್ಲಿ ನೀರಿನ ಲೋಟ ಮಾತ್ರ. ಏಳು ಗಂಟೆ: ಯಜಮಾನರು ಫೋನಿನ ಮುಂದೆ ಕುಳಿತು, ಕಣ್ಣಿಗೆ ಕಾಣದ ಶತ್ರುವನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ ಎಂದು ಜನರಿಗೆ ತಿಳಿಸಿದರು."

ಮನೆಗಳಿಗೆ ಬರೀ ನಂಬರು, ಹೆಸರು ಗುಟ್ಟು. ಇದೂ ಧೂಳಪ್ಪನವರದೇ ನಿಯಮ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಧೂಳಪ್ಪನವರ ಕೈ ತಾನಾಗಿಯೇ ಬೋಳುತಲೆಗೆ ಹೋಯಿತು. ಆಮೇಲೆ ಎದ್ದ ನಗುವಿಗೆ ನಿರ್ದೇಶಕರ ಚಹಾ ಚೆಲ್ಲಿತು. ಒಳ್ಳೆಯ ಪೌಡರಿನಲ್ಲೂ ಸೂಕ್ಷ್ಮ ಕಣಗಳು ಇರುತ್ತವೆ, ಪಕ್ಕದಲ್ಲೇ ಕೊಡವಿದರೆ ಯಂತ್ರ ಪಾಪ ಏನು ಮಾಡೀತು ಎಂದು ಮೇಡಂ ವಿವರಿಸುತ್ತಿದ್ದರು. ಧೂಳಪ್ಪನವರಿಗೆ ಅದೊಂದೂ ಕೇಳಲಿಲ್ಲ. ನೀರಿನ ಲೋಟ ಹಿಡಿದು ಒಬ್ಬರೇ ಬಾಲ್ಕನಿಯಲ್ಲಿ ನಿಂತ ಮುದುಕರು ಕಣ್ಣಮುಂದೆ ಬಂದರು.

ಮನೆಗೆ ಓಡಿಬಂದಾಗ ಆರೂವರೆ. ಮಾವ ಬೂಟು ಹಾಕಿಕೊಂಡು, ಮೊಣಕಾಲಿಗೆ ಟ್ರಂಕು ಒತ್ತಿಕೊಂಡು ಹಾಲ್‌ನಲ್ಲಿ ಕುಳಿತಿದ್ದರು. ಧೂಳಪ್ಪನವರು ಏದುಸಿರಿನಲ್ಲೇ ಎಲ್ಲ ಒಪ್ಪಿಕೊಂಡರು. ಧೂಳು ಎಬ್ಬಿಸಿದವನು ನಾನು, ಕೆಮ್ಮಿದವರು ನೀವು, ಕಳ್ಳನೆಂದು ಕರೆಸಿಕೊಂಡವರೂ ನೀವೇ ಎಂದರು. ಮೊದಲೇ ಏಕೆ ಹೇಳಲಿಲ್ಲ ಎಂದೂ ಕೇಳಿದರು.

"ಅಳಿಯಂದಿರ ಅಲಂಕಾರಕ್ಕೆ ನಾನ್ಯಾಕೆ ಅಡ್ಡ ಬರಲಿ ಅಂತ ಸುಮ್ಮನಿದ್ದೆ," ಎಂದರು ಮಾವ. ಬೂಟಿನ ಲೇಸು ಬಿಗಿಯುತ್ತ, "ಮರ್ಯಾದೆ ತೆಗೆದದ್ದು ಊರ ಮುಂದೆ. ಕ್ಷಮೆ ಕೇಳೋದು ಮಾತ್ರ ಹಾಲ್‌ನಲ್ಲಾ?" ಎಂದು ಸೇರಿಸಿದರು.

ಏಳು ಗಂಟೆಗೆ ಧೂಳಪ್ಪನವರು ಫೋನಿನ ಮುಂದೆ ಕುಳಿತರು. ಹದಿನಾಲ್ಕು ದಿನದಲ್ಲಿ ಮೊದಲ ಬಾರಿಗೆ ತಲೆಯ ಮೇಲೆ ಏನೂ ಇರಲಿಲ್ಲ. ದೀಪದ ಬೆಳಕು ಬೋಳಿನ ಮೇಲೆ ಬಿದ್ದು ಪರದೆ ತುಂಬ ಹರಡಿತು. ನನ್ನ ಮಾವ ಸಿಗರೇಟು ಸೇದುವವರಲ್ಲ, ನಮ್ಮ ಮನೆಯ ಗಾಳಿ ಕೆಡಿಸಿದವನು ನಾನು, ಪೌಡರಿನಿಂದ ಎಂದು ಒಂದಕ್ಷರ ನುಂಗದೆ ಹೇಳಿದರು. ಪಕ್ಕದಲ್ಲಿ ಹೆಂಡತಿ ಪೆನ್ನು ಓಡಿಸುತ್ತಿದ್ದಳು. ಮಾವನ ಗೆಳೆಯರ ಮೆಚ್ಚುಗೆಗಳು ಪರದೆಯ ಮೇಲೆ ಸಾಲುಗಟ್ಟಿ ಬಂದವು. ಮಾವ ಒಂದು ಸಲವೂ ಕೆಮ್ಮಲಿಲ್ಲ.

ಅವರು ಬಗ್ಗಿ ನಿಧಾನವಾಗಿ ಒಂದು ಬೂಟು ಬಿಚ್ಚಿದರು. ಇನ್ನೊಂದನ್ನೂ ಬಿಚ್ಚಿದರು. ಮಾವ ಏನಾದರೂ ಎರಡು ಮಾತು ಹೇಳಲಿ ಎಂದು ಅವರು ಫೋನನ್ನು ಆ ಕಡೆ ತಿರುಗಿಸಲು ಹೋದರು.

"ಇರಲಿ ಬಿಡಿ, ನೀವೇ ಕಾಣಿಸಿಕೊಳ್ಳಿ," ಎಂದರು ಮಾವ, ಊರಿಗೆಲ್ಲ ಕೇಳುವ ಹಾಗೆ. "ಮೂವತ್ತೈದು ವರ್ಷ ಇಂಜಿನ್ ಓಡಿಸಿದೀನಿ, ಅಳಿಯಂದಿರೇ. ಹೆಡ್‌ಲೈಟಿಗೆ ಯಾರೂ ಪೌಡರ್ ಹಚ್ಚಲ್ಲ."