ಐನೋಗೆ ಊಟ ಆಯ್ತಾ?

ಸ್ವಂತ ಊರನ್ನು ತೋರಿಸುವುದು ಬಹಳ ಸುಲಭ ಎಂದು ಯಾರಾದರೂ ಹೇಳಿದರೆ, ಅವರು ಇನ್ನೂ ಯಾರಿಗೂ ತೋರಿಸಿಲ್ಲ ಎಂದೇ ತಿಳಿಯಬೇಕು. ಹುಟ್ಟಿದಾಗಿನಿಂದ ಶಿವಮೊಗ್ಗದಲ್ಲೇ ಬೆಳೆದಿರುವ ನನಗೆ ಈ ಊರಿನ ಬಗ್ಗೆ ಖಚಿತವಾಗಿ ಗೊತ್ತಿರುವುದು ಎರಡೇ ಸಂಗತಿ: ಪಾನಿಪುರಿ ಎಲ್ಲಿ ಚೆನ್ನಾಗಿರುತ್ತದೆ, ಹೆಲ್ಮೆಟ್ ಇಲ್ಲದವರನ್ನು ಎಲ್ಲಿ ಹಿಡಿಯುತ್ತಾರೆ. ಉಳಿದದ್ದನ್ನೆಲ್ಲ ನಾನು ಧೈರ್ಯದಿಂದ ಹೇಳುತ್ತೇನೆ. ಧೈರ್ಯದಿಂದ ಹೇಳಿದ್ದು ಅರ್ಧ ನಿಜವೇ ಆಗಿಬಿಡುತ್ತದೆ. ಇನ್ನರ್ಧ ಕೇಳುವವರ ಹಣೆಬರಹ. ಹೀಗೆ ಧೈರ್ಯದ ಮೇಲೇ ಸೆಕೆಂಡ್ ಪಿಯುಸಿವರೆಗೆ ಬಂದಿರುವ ನನ್ನ ಕೈಗೆ ದೇವರು ಒಂದು ಶನಿವಾರ ಬೆಳಿಗ್ಗೆ ಫಿನ್ಲೆಂಡ್ ದೇಶದ ಹುಡುಗಿಯೊಬ್ಬಳನ್ನು ಕೊಟ್ಟ.

ಆದದ್ದು ಇಷ್ಟು. ನನ್ನ ಕ್ಲಾಸ್‌ಮೇಟ್ ನವ್ಯಳ ಅಕ್ಕ ಬೆಂಗಳೂರಿನಲ್ಲಿ ಓದುತ್ತಾಳೆ. ತನ್ನ ಹಾಸ್ಟೆಲ್ ರೂಮಿನ ಗೆಳತಿಗೆ ಊರು ತೋರಿಸಬೇಕೆಂದು ವಾರದ ಕೊನೆಗೆ ಕರೆದುಕೊಂಡು ಬಂದಳು. ಬಂದವಳೇ ಜ್ವರ ಬಂದು ಮಲಗಿದಳು. ಗೆಳತಿ ಮಾತ್ರ ಕ್ಯಾಮೆರಾ ನೇತುಹಾಕಿಕೊಂಡು, ಶೂ ಬಿಗಿದುಕೊಂಡು, ಬಾಗಿಲಲ್ಲಿ ನಿಂತಿದ್ದಾಳೆ. "ನಾನಿಲ್ವಾ? ನಾನ್ ತೋರಿಸ್ತೀನಿ" ಎಂದೆ.

"ನಿಂಗೆ ಇಂಗ್ಲಿಷ್ ಬರುತ್ತೇನೇ ಮಾರಾಯ್ತಿ?" ಎಂದಳು ನವ್ಯ.

"ನಂಗೆ ಬರುತ್ತೆ. ಕೇಳೋರಿಗೆ ಅರ್ಥ ಮಾಡ್ಕೊಳ್ಳೋಕೆ ಬರಬೇಕಷ್ಟೆ."

ಹೋಗಿ ಕೈಕುಲುಕಿ "ವಾಟ್ ಈಸ್ ಯುವರ್ ನೇಮ್?" ಎಂದೆ. "ಐನೋ" ಎಂದಳು. ಗೊತ್ತಿದೆ ಅನ್ನುತ್ತಾಳಲ್ಲ, ಗೊತ್ತಿದ್ದರೆ ಹೇಳಬೇಕು ತಾನೇ? "ಯೆಸ್, ಯೂ ನೋ, ಐ ಡೋಂಟ್ ನೋ" ಎಂದೆ. ಮತ್ತೆ "ಐನೋ" ಎಂದಳು. ನಮ್ಮ ಈ ಜುಗಲ್‌ಬಂದಿ ಇನ್ನೂ ನಡೆಯುತ್ತಿತ್ತೋ ಏನೋ, ಒಳಗಿನಿಂದ ಅಕ್ಕ ಕಂಬಳಿ ಸರಿಸಿ, "ಅವಳ ಹೆಸರೇ ಐನೋ ಕಣೇ, ಕತ್ತೆ!" ಎಂದು ಕೂಗಿದಳು. ಜ್ವರ ಬಂದವರಿಗೆ ಅಷ್ಟು ದೊಡ್ಡ ದನಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಫಾರಿನ್ ಅತಿಥಿ ಸಿಕ್ಕ ಸುದ್ದಿಯನ್ನು ನಾನು ಮೊದಲು ಹೇಳಿದ್ದು ಭದ್ರಾವತಿ ಓಲ್ಡ್ ಟೌನಿನಲ್ಲಿರುವ ನನ್ನ ಅಜ್ಜಿಗೆ. ಅಜ್ಜಿಯ ಕಥೆ ಸ್ವಲ್ಪ ಹೇಳಲೇಬೇಕು. ಹಿಂದಿನ ತಿಂಗಳು ಆಕೆ ಒಲೆಯ ಮೇಲೆ ಹಾಲಿಟ್ಟು, ಪಕ್ಕದ ಮನೆಯವರಿಗೆ ಒಂದೇ ಒಂದು ಮಾತು ಹೇಳಿಬರಲು ಹೋದಳು. ನಮ್ಮ ಅಜ್ಜಿಯ ಒಂದು ಮಾತು ಎಂದರೆ ಧಾರಾವಾಹಿಯ ಒಂದು ಕಂತು. ಬರುವಷ್ಟರಲ್ಲಿ ಹಾಲು ಉಕ್ಕಿ, ಪಾತ್ರೆ ಸೀದು, ಅಡುಗೆಮನೆ ತುಂಬ ಹೊಗೆ. ಅಂದೇ ನನ್ನ ಮಾವ, ಅಂದರೆ ಅಜ್ಜಿಯ ಮಗ, "ಇನ್ಮೇಲೆ ಒಲೆ ಹತ್ರ ಹೋಗ್ಬೇಡಮ್ಮ" ಎಂದು ಆಜ್ಞೆ ಹೊರಡಿಸಿದರು. ಅವತ್ತಿನಿಂದ ಅಜ್ಜಿ ನಡುಮನೆಯ ಕುರ್ಚಿಯಲ್ಲಿ, ಖಾತೆ ಕಿತ್ತುಕೊಂಡ ಮಂತ್ರಿಯ ಹಾಗೆ, ಟಿವಿಯ ಕಡೆ ಮುಖ ಮಾಡಿ, ಒಗ್ಗರಣೆಯ ಕಡೆ ಕಿವಿ ಕೊಟ್ಟು ಕೂತಿದ್ದಳು. ಸಾಸಿವೆ ಸಿಡಿದ ಸದ್ದಿನಲ್ಲೇ "ಎಣ್ಣೆ ಕಾದಿಲ್ಲ" ಎಂದು ಸಣ್ಣಗೆ ಹೇಳುತ್ತಿದ್ದಳಂತೆ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲವಂತೆ. ಇದನ್ನು ಮಾತ್ರ ನಾನು ಉದ್ದ ಮಾಡಿ ಹೇಳುತ್ತಿಲ್ಲ.

ನನ್ನ ಸುದ್ದಿ ಕೇಳಿದ್ದೇ ಅಜ್ಜಿ ಎದ್ದು ನಿಂತಳು. ವಿಡಿಯೋ ಕಾಲ್‌ನಲ್ಲೇ ಕಂಡಿತು. "ನಾಳೆ ಮಧ್ಯಾಹ್ನ ಊಟಕ್ಕೆ ಕರ್ಕೊಂಡ್ ಬಾ" ಎಂದಳು. ಆಮೇಲೆ ಮಾವನ ಕಡೆ ತಿರುಗಿ ಹೇಳಿದ್ದೂ ನನಗೆ ಕೇಳಿಸಿತು: "ನಾಳೆ ಒಂದಿನ ಅಡುಗೆಮನೆ ನಂಗ್ ಬಿಡು. ಆ ಹುಡುಗಿ ಹೊಟ್ಟೆ ತುಂಬ ಉಂಡ್ರೆ ಒಲೆ ನಂದು. ಉಣ್ಲಿಲ್ವಾ, ನೀವ್ ಹಾಕಿದ್ ತಿಂದ್ಕೊಂಡು, ಆ ಕಡೆ ತಲೆ ಕೂಡ ಹಾಕಲ್ಲ." ಮಾವ ಒಪ್ಪಿದರು. ಫಾರಿನ್‌ನವರು ಬ್ರೆಡ್ ಬಿಟ್ಟು ಏನೂ ತಿನ್ನುವುದಿಲ್ಲ ಎನ್ನುವುದು ಅವರ ನಂಬಿಕೆ.

ನವ್ಯಳೂ ಜೊತೆಗೆ ಹೊರಟಳು. ಶನಿವಾರದ ನಮ್ಮ ಯೋಜನೆ ಭರ್ಜರಿಯಾಗಿತ್ತು. ಗಾಂಧಿ ಬಜಾರ್, ಅರಮನೆ, ತುಂಗಾ ನದಿ, ತ್ಯಾವರೆಕೊಪ್ಪ, ಎಲ್ಲ ಒಂದೇ ದಿನದಲ್ಲಿ. ಆದರೆ ನವ್ಯಳ ಅಕ್ಕ ಐನೋಗೆ ಒಂದೇ ಒಂದು ಕನ್ನಡ ಪಾಠ ಮಾಡಿದ್ದಳು: "ಊಟ ಆಯ್ತಾ" ಅಂದರೆ ಊಟ ಮಾಡಿದ್ದೀಯಾ ಎಂದು ಅರ್ಥ, ಮಾಡಿದ್ದರೆ "ಆಯ್ತು" ಅನ್ನು, ಮಾಡಿಲ್ಲದಿದ್ದರೆ "ಇಲ್ಲ" ಅನ್ನು. ಪಾಠ ಸರಿಯಾಗೇ ಇತ್ತು. ಆದರೆ ನಮ್ಮೂರಲ್ಲಿ ಆ ಪ್ರಶ್ನೆಗೂ ಊಟಕ್ಕೂ ಏನೂ ಸಂಬಂಧವಿಲ್ಲ ಎನ್ನುವುದನ್ನು ಹೇಳಿರಲಿಲ್ಲ. ಎದುರಿಗೆ ಬಂದವರ ಜೊತೆ ಮಾತು ಶುರು ಮಾಡಬೇಕಲ್ಲ, ಅದಕ್ಕೆ ಕೇಳುತ್ತೇವೆ. ಉಪವಾಸ ಇದ್ದವನೂ "ಆಯ್ತು, ನಿಮ್ದು?" ಎಂದು ಹೇಳಿ ಮುಂದೆ ಹೋಗುತ್ತಾನೆ. ಐನೋ ಹಾಗಲ್ಲ. ಅವಳು ಫಿನ್ಲೆಂಡಿನವಳು. ಕೇಳಿದ್ದಕ್ಕೆ ನಿಜ ಹೇಳುವುದು ಅಲ್ಲಿ ರೂಢಿಯಂತೆ.

ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರು ಗಲ್ಲಾದ ಹಿಂದಿನಿಂದ, "ಬನ್ನಿ ಮೇಡಂ, ಊಟ ಆಯ್ತಾ?" ಎಂದರು. ಐನೋ ಒಂದು ಗಳಿಗೆ ಯೋಚಿಸಿ, "ಇಲ್ಲ" ಎಂದಳು. ಅಂಗಡಿಯವರ ಜೀವಮಾನದಲ್ಲಿ ಆ ಪ್ರಶ್ನೆಗೆ ಯಾರೂ ಹಾಗೆ ಉತ್ತರ ಕೊಟ್ಟಿರಲಿಲ್ಲ. "ಅಯ್ಯೋ ಪಾಪ, ದೂರದ ಮಗು" ಎಂದು ತಮ್ಮ ಡಬ್ಬಿ ಬಿಚ್ಚಿ ಚಿತ್ರಾನ್ನ ಕೊಟ್ಟರು. ಬಳೆ ಅಂಗಡಿಯ ಅಮ್ಮ "ಖಾನಾ ಆಯ್ತಾ ಬೇಟಿ?" ಎಂದರು, ಇವಳ ಲೆಕ್ಕದಲ್ಲಿ ಚಿತ್ರಾನ್ನ ಊಟವಲ್ಲ, ಆದ್ದರಿಂದ ಮತ್ತೆ "ಇಲ್ಲ". ಬಿಸಿ ಸಮೋಸ ಬಂತು. ಆಟೋದವರು ಕೇಳಿದರು, ಬಾಳೆಹಣ್ಣು ಬಂತು. ಅತಿಥಿಗೆ ಕೊಟ್ಟ ಮೇಲೆ ಜೊತೆಗಿದ್ದವರನ್ನು ಬಿಡುತ್ತಾರೆಯೇ? ನಮಗೂ ಬಂತು. ಅರಮನೆ ತಲುಪುವಷ್ಟರಲ್ಲಿ ನವ್ಯ ಕಂಬ ಹಿಡಿದು ನಡೆಯುತ್ತಿದ್ದಳು. ಅಲ್ಲಿ ನಾನು ಕೆಳದಿಯ ಇತಿಹಾಸವನ್ನು ನನ್ನದೇ ಇಂಗ್ಲಿಷಿನಲ್ಲಿ ವಿವರಿಸಿದೆ. ಕೆಲವು ಯುದ್ಧಗಳನ್ನು ನಾನೇ ಸೇರಿಸಿ, ಎಲ್ಲದರಲ್ಲೂ ನಮ್ಮವರನ್ನೇ ಗೆಲ್ಲಿಸಿದೆ.

ತ್ಯಾವರೆಕೊಪ್ಪದಲ್ಲಿ ಸಫಾರಿ ಬಸ್ಸಿನ ಕಿಟಕಿಯಿಂದ ಹುಲಿ ಕಂಡಿತು. ಮಲಗಿತ್ತು. ನಾನು "ಸ್ಲೀಪಿಂಗ್ ಈಸ್ ಓನ್ಲಿ ಆ್ಯಕ್ಟಿಂಗ್" ಎಂದು ಹೆದರಿಸಲು ನೋಡಿದೆ. ಅದು ಮಗ್ಗುಲು ಬದಲಾಯಿಸಿತು. ಆ ಇಡೀ ದಿನ ನಮ್ಮನ್ನು ಊಟ ಆಯ್ತಾ ಎಂದು ಕೇಳದೇ ಇದ್ದ ಪ್ರಾಣಿ ಅದೊಂದೇ. ನಾವೂ ಅದನ್ನು ಕೇಳಲಿಲ್ಲ. ಅದು ಇಲ್ಲ ಅಂದುಬಿಟ್ಟಿದ್ದರೆ?

ಭಾನುವಾರ ಬೆಳಿಗ್ಗೆ ಸಕ್ರೆಬೈಲಿನ ಆನೆ ಬಿಡಾರ. ನೀರಲ್ಲಿ ಆನೆ ತಿಕ್ಕುತ್ತಿದ್ದ ಮಾವುತರು, "ತಿಂಡಿ ಆಯ್ತಾ?" ಎಂದು ಕೇಳಿದರು. ನಾನು ಬಾಯಿ ಹಾಕುವಷ್ಟರಲ್ಲಿ ಇವಳು "ಇಲ್ಲ" ಎಂದಾಗಿತ್ತು. ಅವರು ಬುಟ್ಟಿಯಿಂದ ಕೊಬ್ಬರಿ ಬೆಲ್ಲ ತೆಗೆದು ಕೊಟ್ಟರು. ಅದು ಯಾರ ಪಾಲಿನದು ಎಂದು ಆನೆ ನಮ್ಮನ್ನು ನೋಡಿದ ನೋಟದಿಂದಲೇ ಗೊತ್ತಾಯಿತು.

ಆಗ ನನಗೆ ನಿಜವಾಗಿ ಭಯವಾಯಿತು. ಆನೆಯದಲ್ಲ, ಅಜ್ಜಿಯದು. ಹೀಗೇ ದಾರಿಯುದ್ದಕ್ಕೂ ತಿನ್ನುತ್ತಾ ಹೋದರೆ ಅಜ್ಜಿಯ ಊಟಕ್ಕೆ ಹೊಟ್ಟೆಯಲ್ಲಿ ಜಾಗ ಎಲ್ಲಿ? ಭದ್ರಾವತಿಯ ಬಸ್ಸಿನಲ್ಲಿ ಐನೋಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಶುರು ಮಾಡಿದೆ. "ದಿಸ್ ಈಸ್ ನಾಟ್ ಕ್ವೆಶ್ಚನ್. ದಿಸ್ ಈಸ್ ನಮಸ್ಕಾರ. ಎನಿಬಡಿ ಆಸ್ಕ್, ಯೂ ಸೇ ಆಯ್ತು." ಊಟ ಆಗದಿದ್ದರೆ ಅದು ಸುಳ್ಳಾಗುವುದಿಲ್ಲವೇ ಎಂದು ಅವಳು ಕೇಳಿದಳು. "ಇನ್ ಶಿವಮೊಗ್ಗ, ನಾಟ್ ಲೈ" ಎಂದೆ. ಪರೀಕ್ಷೆಗೆಂದು ಕಂಡಕ್ಟರ್ ಹತ್ತಿರವೇ ಕೇಳಿಸಿದೆವು. "ಊಟ ಆಯ್ತೇನಮ್ಮ?" "ಆಯ್ತು!" ಬಸ್ಸಿನವರೆಲ್ಲ ಶಹಬ್ಬಾಸ್ ಎಂದರು. ಹಿಂದಿನ ಸೀಟಿನ ತಾತನಂತೂ, "ನಮ್ ಮೊಮ್ಮಗಳಿಗಿಂತ ಚೆನ್ನಾಗ್ ಮಾತಾಡ್ತಾಳೆ" ಎಂದರು. ಇಂಥ ಗುರು ಸಿಕ್ಕಿದ ಮೇಲೆ ಇನ್ನೇನು ಎಂದು ನಾನು ಕಾಲರ್ ಸರಿಮಾಡಿಕೊಂಡೆ.

ಭದ್ರಾವತಿಯಲ್ಲಿ ಇಳಿದು ನೋಡಲು ಹೋದ ನರಸಿಂಹ ದೇವಸ್ಥಾನದ ಗೋಡೆಯ ಒಂದೊಂದು ಶಿಲ್ಪದ ಮುಂದೆಯೂ ಐನೋ ನಿಂತುಬಿಟ್ಟಿದ್ದರಿಂದ ಅಜ್ಜಿಯ ಮನೆ ತಲುಪುವಾಗ ಬಹಳ ಹೊತ್ತಾಗಿತ್ತು. ಅಜ್ಜಿ ಜರಿ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಹೋಳಿಗೆಯ ಘಮ ಬೀದಿಯ ತುದಿಗೇ ಬಂದು ನಮ್ಮನ್ನು ಕರೆದಿತ್ತು. "ಏನಮ್ಮ ನಿನ್ ಹೆಸ್ರು?" ಎಂದಳು. ನವ್ಯ ಕಿವಿಯಲ್ಲಿ ಅರ್ಥ ಹೇಳಿದಳು. "ಐನೋ."

"ನೋಡೇ, ಹೆಸ್ರು ಕೇಳಿದ್ರೆ ಏನೋ ಅಂತಾಳೆ" ಎಂದು ನಕ್ಕು, ಕೈ ಹಿಡಿದು ಒಳಗೆ ಕರೆದಳು. ಆಮೇಲೆ, "ಇಷ್ಟೊತ್ ಮಾಡಿದ್ರಲ್ಲ, ಊಟ ಆಯ್ತಾ ಏನ್ ಕಥೆ?" ಎಂದಳು.

ನಾನು ಚಪ್ಪಲಿ ಬಿಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ನನ್ನ ಶಿಷ್ಯೆ ಮುಖದ ತುಂಬ ನಗು ತುಂಬಿಕೊಂಡು, ಸ್ಪಷ್ಟವಾಗಿ, ಗಟ್ಟಿಯಾಗಿ, "ಆಯ್ತು!" ಎಂದಳು.

ಅಜ್ಜಿಯ ಕೈ ಸಡಿಲವಾಯಿತು. "ಆಯ್ತಾ? ಒಳ್ಳೇದಾಯ್ತು ಬಿಡು" ಎಂದಳು. ಒಳಗಿನಿಂದ ಮಾವ, "ನಾನ್ ಮೊದ್ಲೇ ಹೇಳ್ಲಿಲ್ವೇನಮ್ಮ?" ಎಂದರು, ಪಾಪ, ಮೆತ್ತಗೇ ಹೇಳಿದರು. ನಾನು ಹಾರಿಬಿದ್ದು, "ಅಜ್ಜಿ, ಅದು ಸುಳ್ಳು, ನಾನೇ ಹೇಳ್ಕೊಟ್ಟಿದ್ದು" ಎಂದು ಒದರಿದೆ.

"ನೀನ್ ಸುಮ್ನಿರು. ಒಂದಕ್ಕೆ ಹತ್ತು ಹೇಳೋಳು ನೀನು. ಅವಳೇ ಹೇಳಿದ್ಲಲ್ಲ, ಕನ್ನಡದಲ್ಲೇ" ಎಂದು ಅಜ್ಜಿ ಅಡುಗೆಮನೆಗೆ ನಡೆದಳು. ಬಾಣಲೆ ಮುಚ್ಚುವ ಸದ್ದು ಬಂತು. ನನ್ನ ಜೀವನದಲ್ಲಿ ಅಪರೂಪಕ್ಕೆ ಒಂದು ನಿಜ ಹೇಳಿದ್ದೆ. ಅದಕ್ಕೆ ಗಿರಾಕಿಯೇ ಇರಲಿಲ್ಲ.

ನನ್ನ ಇಂಗ್ಲಿಷ್ ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. "ಗ್ರ್ಯಾಂಡ್‌ಮದರ್ ಕಿಚನ್ ಗಾನ್" ಎಂದೇನೋ ಬಡಬಡಿಸಿದೆ. ಐನೋಗೆ ಏನು ಅರ್ಥವಾಯಿತೋ, ಅಜ್ಜಿಯ ಬೆನ್ನನ್ನು ನೋಡಿ ಕೆಂಪಾದಳು. ಶೂ ಬಿಚ್ಚಿ, ನೆಟ್ಟಗೆ ಅಡುಗೆಮನೆಗೆ ಹೋಗಿ, ತನಗೆ ಬರುವ ಅಷ್ಟೂ ಕನ್ನಡ ಸೇರಿಸಿ, ಕೈ ಮುಗಿದು ಹೇಳಿದಳು:

"ಅಜ್ಜಿ, ಊಟ ಇಲ್ಲ."

"ಇಲ್ವಾ!" ಅಜ್ಜಿ ಸರ್ರನೆ ತಿರುಗಿದಳು. "ನಮ್ಮನೇಲಿ ಊಟ ಇಲ್ಲ ಅಂತ ಯಾರೇ ಹೇಳಿದ್ದು ನಿಂಗೆ? ಇದೇನು? ಇದೇನು?" ಒಂದೊಂದೇ ಮುಚ್ಚಳ ತೆಗೆದು ತೋರಿಸಿದಳು: ಹೋಳಿಗೆ, ಹೋಳಿಗೆ ಸಾರು, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ. "ಕೂತ್ಕೋ! ಊಟ ಇಲ್ವಂತೆ!" ಬಾಳೆ ಎಲೆ ಬಿತ್ತು. ಅಜ್ಜಿಗೆ ಅಷ್ಟು ಸಿಟ್ಟು ಬಂದದ್ದನ್ನು ನೋಡಿ ನನಗೆ ಹೋದ ಜೀವ ಬಂತು.

ಮುಂದಿನದು ಐನೋಗೆ ಕಷ್ಟದ ಕಾಲ. ಅವಳಿಗೆ ಬರುತ್ತಿದ್ದದ್ದು ಎರಡೇ ಉತ್ತರ. ಅಜ್ಜಿ "ಸಾಕಾ?" ಎಂದರೆ ಇವಳು "ಇಲ್ಲ" ಎನ್ನುತ್ತಿದ್ದಳು, ಒಂದು ಹೋಳಿಗೆ ಬೀಳುತ್ತಿತ್ತು. "ರುಚಿ ಆಯ್ತಾ?" ಎಂದರೆ "ಆಯ್ತು" ಎನ್ನುತ್ತಿದ್ದಳು, ಇನ್ನೊಂದು ಬೀಳುತ್ತಿತ್ತು. ಯಾವ ಕಡೆಯಿಂದ ತಪ್ಪಿಸಿಕೊಂಡರೂ ಮುಂದೆ ಹೋಳಿಗೆಯೇ ನಿಂತಿತ್ತು. ಅವಳು ಬೆವೆತು, ಕಣ್ಣಲ್ಲೇ ನನ್ನ ಕಡೆ ಸಹಾಯ ಬೇಡಿದಳು. ಒಂದೇ ಒಂದು ಪದ ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು. "ಸಾಕು" ಎನ್ನುವುದೇನು ಕಷ್ಟದ ಪದವಲ್ಲ. ಆದರೆ ಅಜ್ಜಿ ತುಪ್ಪದ ಗಿಂಡಿ ಹಿಡಿದು ಆ ಎಲೆಯ ಮುಂದೆ ಬಗ್ಗಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವಳ ದನಿ ಮತ್ತೆ ಹಳೆಯ ದನಿಯಾಗಿತ್ತು. ಎಲ್ಲರಿಗಿಂತ ಮೊದಲು ಮಾತಾಡುವ ನಾನು ನನ್ನ ಎಲೆ ನೋಡಿಕೊಂಡು ಗಪ್‌ಚುಪ್ ಕೂತೆ. ಫಿನ್ಲೆಂಡ್ ದೇಶ ನನ್ನನ್ನು ಕ್ಷಮಿಸಲಿ.

ಊಟವಾದ ಮೇಲೆ ಐನೋ ಚಾಪೆಯ ಮೇಲೆ ತ್ಯಾವರೆಕೊಪ್ಪದ ಹುಲಿಯಂತೆಯೇ ಮಲಗಿದಳು. ಅಜ್ಜಿ ಬೀಸಣಿಗೆ ತಂದು ಗಾಳಿ ಹಾಕಿದಳು. ಮಾವ ಕೈ ತೊಳೆದುಕೊಂಡು ಬಂದು, "ಸರಿಯಮ್ಮ, ಗೆದ್ದೆ. ಒಲೆ ನಿಂದೇ. ಆದ್ರೆ ಗ್ಯಾಸ್ ಆರ್ಸಿದೀಯಾ ಅಂತ ನೋಡೋಕೆ ಪಕ್ಕದಲ್ಲಿ ಒಬ್ರು ಇರ್ಲೇಬೇಕು. ವಾರದ ದಿನ ನಾವ್ ಇರ್ತೀವಿ. ಭಾನುವಾರ ನಾವು ತೋಟಕ್ಕೆ ಹೋದಾಗ ಯಾರು?" ಎಂದರು. ಅಜ್ಜಿ ಒಂದು ಗಳಿಗೆಯೂ ಯೋಚಿಸದೆ ಬೀಸಣಿಗೆಯಿಂದಲೇ ನನ್ನ ಕಡೆ ತೋರಿಸಿದಳು.

ಹಾಗಾಗಿ ಈಗ ಪ್ರತಿ ಭಾನುವಾರ ಗೆಳತಿಯರು ಸಿನಿಮಾಕ್ಕೆ ಹೊರಟಾಗ ನಾನು ಭದ್ರಾವತಿಯ ಬಸ್ಸು ಹತ್ತುತ್ತೇನೆ. ಅಜ್ಜಿ ಅಡುಗೆ ಮಾಡುತ್ತಾಳೆ, ನಾನು ಸ್ಟೂಲಿನ ಮೇಲೆ ಕೂತು ಗ್ಯಾಸಿನ ನಾಬನ್ನೇ ದಿಟ್ಟಿಸುತ್ತೇನೆ. ಕಾಲೇಜಿನಲ್ಲಿ ಕೇಳಿದವರಿಗೆ, ಭದ್ರಾವತಿಯಲ್ಲಿ ಫೈರ್ ಸೇಫ್ಟಿಯ ಇಂಟರ್ನ್‌ಶಿಪ್ ಸಿಕ್ಕಿದೆ ಎಂದು ಹೇಳಿದ್ದೇನೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನವ್ಯ ಮಾತ್ರ, ಸರ್ಟಿಫಿಕೇಟ್ ಯಾವಾಗ ಕೊಡ್ತಾರೆ ಎಂದು ಎಲ್ಲರೆದುರಿಗೆ ಕೇಳುತ್ತಿರುತ್ತಾಳೆ.