ಯಂತ್ರಕ್ಕೆ ಕುಂಕುಮ ಇಟ್ಟ ತಪ್ಪಿಗೆ

ಪೀಣ್ಯದ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷ ಸವೆಸಿದವನಿಗೆ ಭಾಷೆಯ ವಿಷಯದಲ್ಲಿ ಒಂದು ಜಂಬ ತಾನಾಗಿಯೇ ಬಂದುಬಿಡುತ್ತದೆ. ನನಗೂ ಬಂದಿತ್ತು. ತಮಿಳಿನಲ್ಲಿ ಬೈಯಬಲ್ಲೆ, ತೆಲುಗಿನಲ್ಲಿ ಸಮಾಧಾನ ಹೇಳಬಲ್ಲೆ, ಹಿಂದಿಯಲ್ಲಿ ಎರಡನ್ನೂ ಒಟ್ಟಿಗೇ ಮಾಡಬಲ್ಲೆ. ಇಂಗ್ಲಿಷಿನಲ್ಲಿ ಯಂತ್ರದ ಬಿಡಿಭಾಗಗಳ ಹೆಸರೆಲ್ಲ ಗೊತ್ತು. ಅವುಗಳ ನಡುವೆ ಏನು ಹಾಕಬೇಕೆಂಬುದು ಮಾತ್ರ ಗೊತ್ತಿಲ್ಲ. ಆದ್ದರಿಂದ ನಮ್ಮ ಯಜಮಾನರು, ಲೋಹ ಕಡೆಯುವ ಹೊಸ ಲೇತ್ ಯಂತ್ರವನ್ನು ಹಡಗಿಗೆ ಏರಿಸುವ ಮೊದಲು ಪರೀಕ್ಷಿಸಿ ಬಾ ಎಂದು ನನ್ನನ್ನು ತೈವಾನಿಗೆ ಕಳಿಸಿದಾಗ ನಾನು ಚಳಿಯ ಬಗ್ಗೆ ಚಿಂತಿಸಿದೆ, ಊಟದ ಬಗ್ಗೆ ಚಿಂತಿಸಿದೆ, ಮಾತಿನ ಬಗ್ಗೆ ಚಿಂತಿಸಲಿಲ್ಲ. ಹೆಂಡತಿ ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಪಕ್ಕ ಕುಂಕುಮದ ಪೊಟ್ಟಣವನ್ನೂ ತುರುಕಿ, "ಮಿಷನ್ನಿಗೊಂದು ಬೊಟ್ಟು ಇಟ್ಬಿಡಿ ಕಣ್ರೀ, ಸಮುದ್ರ ದಾಟಿ ಬರೋದು ಪಾಪ" ಎಂದಳು. ನಾನು ವಿಮಾನದಲ್ಲಿ ಹೋಗುವುದರ ಬಗ್ಗೆ ಅವಳಿಗೆ ಅಷ್ಟು ಮರುಕ ಇದ್ದಂತೆ ಕಾಣಲಿಲ್ಲ.

ಅಲ್ಲಿ ನಮ್ಮ ಲೇತನ್ನು ಜೋಡಿಸಿದವರು ಒಬ್ಬ ವಯಸ್ಸಾದ ಫಿಟ್ಟರ್. ಅವರ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ, ಮನಸ್ಸಿನಲ್ಲೇ ಮೇಸ್ತ್ರಿ ಎಂದು ಕರೆದುಕೊಂಡೆ. ಅವರಿಗೆ ಅವರ ಭಾಷೆ ಬಿಟ್ಟು ಬೇರೆ ಬರದು. ಆದರೂ ನಾಲ್ಕು ದಿನ ಸುಖವಾಗಿ ಕಳೆದೆವು, ಏಕೆಂದರೆ ಅಳತೆಯ ಮುಳ್ಳನ್ನು ಓದಲು ಇಬ್ಬರಿಗೂ ಬರುತ್ತಿತ್ತು. ಮುಳ್ಳು ಸರಿಯಾದ ಕಡೆ ನಿಂತರೆ ಅವರು ಹೆಬ್ಬೆರಳು ಎತ್ತುವರು, ನಾನೂ ಎತ್ತುವೆ. ಅಷ್ಟು ಚೊಕ್ಕ ಕೆಲಸವನ್ನು ನಾನು ಪೀಣ್ಯದಲ್ಲಿ ಕಂಡಿರಲಿಲ್ಲ. ನಾಲ್ಕನೆಯ ಸಂಜೆ ಎಲ್ಲವೂ ಮುಗಿಯಿತು, ಕಾಗದಕ್ಕೆ ಸಹಿ ಹಾಕುವುದು ಬೆಳಿಗ್ಗೆಗೆ ಉಳಿಯಿತು. ಎಲ್ಲರೂ ಹೋದ ಮೇಲೆ ನಾನು ಲೇತಿನ ಬಾಗಿಲಿಗೆ, ಅಡಿಪೀಠಕ್ಕೆ, ತಿರುಗುವ ಮುಖ್ಯ ದಂಡಕ್ಕೆ ಕುಂಕುಮ ಇಟ್ಟು, ಕೈಮುಗಿದು, ನೆಮ್ಮದಿಯಿಂದ ಹೋಗಿ ಮಲಗಿದೆ.

ಬೆಳಿಗ್ಗೆ ಬಂದರೆ ಲೇತಿನ ಹೊದಿಕೆಗಳೆಲ್ಲ ನೆಲದ ಮೇಲಿದ್ದವು. ಕಾರ್ಖಾನೆಗಳಲ್ಲಿ ಕೆಂಪು ಗುರುತು ಎಂದರೆ ಅಲ್ಲಿ ದೋಷವಿದೆ ಎಂದರ್ಥ. ಇದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮಲ್ಲಿ ಕೆಟ್ಟ ಮಾಲಿಗೆ ಕೆಂಪು ಬಣ್ಣ ಬಳಿದು ಮೂಲೆಗೆ ಹಾಕುವವನು ನಾನೇ. ಆದರೆ ಆಯುಧ ಪೂಜೆಯ ದಿನ ಅದೇ ಕೈಯಿಂದ ಇಡೀ ಶೆಡ್ಡಿಗೆ ಕುಂಕುಮ ಹಚ್ಚಿದರೂ ಪೀಣ್ಯದಲ್ಲಿ ಯಾರೂ ಗಾಬರಿಯಾಗಿದ್ದಿಲ್ಲ. ಇಲ್ಲಿ ಅವರ ಮೇಲ್ವಿಚಾರಕ ನಮ್ಮ ಮೇಸ್ತ್ರಿಯನ್ನು ಎಲ್ಲರೆದುರು ಬೈಯುತ್ತಿದ್ದ. ಅದೊಂದಕ್ಕೆ ಅನುವಾದ ಬೇಕಾಗಲಿಲ್ಲ. ಇಂಗ್ಲಿಷ್ ಬಲ್ಲ ಒಬ್ಬನೇ ಅಧಿಕಾರಿ ಆ ದಿನ ಬೇರೆ ಊರಿಗೆ ಹೋಗಿದ್ದ. ನಾನು "ನೋ ಪ್ರಾಬ್ಲಮ್, ಗಾಡ್, ಗಾಡ್" ಎಂದು ಮೇಲಕ್ಕೆ ಕೈ ತೋರಿಸಿದೆ. ಅವರು ಏಣಿ ತಂದು ಮೇಲಿದ್ದ ಕ್ರೇನನ್ನೂ ಪರೀಕ್ಷಿಸಿದರು. ಸಹಿ ಹಾಕುತ್ತೇನೆಂದು ಪೆನ್ನು ತೆಗೆದರೆ ದೂರು ಬರೆಯುವ ಹಾಳೆ ತಂದುಕೊಟ್ಟರು.

ಮೇಸ್ತ್ರಿ ಟೋಪಿ ತೆಗೆದು ನನ್ನೆದುರು ತಲೆ ತಗ್ಗಿಸಿ ನಿಂತರು. ನಿಮ್ಮ ಕೆಲಸ ಅಷ್ಟು ಚೆನ್ನಾಗಿದೆಯೆಂದೇ ಬೊಟ್ಟು ಇಟ್ಟೆ ಮಾರಾಯರೇ ಎಂದು ಹೇಳಬೇಕಿತ್ತು. ಗಂಟಲಲ್ಲಿ ನಾಲ್ಕು ಭಾಷೆ ಇದ್ದೂ ಮೂಗನಾದೆ. ಅವರು ಮಧ್ಯಾಹ್ನ ಊಟಕ್ಕೂ ಏಳದೆ ಎಲ್ಲ ಬಿಚ್ಚಿ, ಎಲ್ಲ ಜೋಡಿಸಿ, ಸಂಜೆ ಅಳತೆ ತೋರಿಸಿದರು. ಮುಳ್ಳು ನಿನ್ನೆಯ ಜಾಗದಲ್ಲೇ ನಿಂತಿತು. ನಾನು ಉಳಿದಿದ್ದ ಕುಂಕುಮ ಒರೆಸಿ ಹೆಬ್ಬೆರಳು ಎತ್ತಿದೆ. ಅವರು ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಯಜಮಾನರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. "ಭೇಷ್ ಕಣಯ್ಯ, ನಿಮ್ಮ ಮನುಷ್ಯ ಬಲು ಬಿಗಿ ಅಂತ ಅವ್ರು ಮೇಲ್ ಹಾಕಿದ್ದಾರೆ. ಮಿಷನ್ ಪೂರ್ತಿ ಬಿಚ್ಚಿಸಿದ್ಯಂತೆ. ತಪ್ಪು ಮಾಡಿದ ಫಿಟ್ಟರನ್ನ ಜೋಡಣೆಯಿಂದ ತೆಗೆದು ಪ್ಯಾಕಿಂಗಿಗೆ ಹಾಕಿದ್ದಾರಂತೆ. ಉತ್ತರ ಬರೀಬೇಕು, ಏನಂತ ಬರೀಲಿ ಹೇಳು" ಎಂದರು. ಅವರ ಇಂಗ್ಲಿಷ್ ಬಹಳ ಚೆನ್ನಾಗಿದೆ. ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು ನನ್ನ ಬಾಯಿಯನ್ನೇ ನೋಡುತ್ತ ಕಾದರು. ಹೊರಗೆ ಕಿಟಕಿಯಾಚೆ ನಮ್ಮ ಹುಡುಗರೆಲ್ಲ ನನ್ನ ಶಿಸ್ತಿನ ಕತೆ ಕೇಳಿಸಿಕೊಳ್ಳುತ್ತಿದ್ದರು. ನಾನು ಅಚ್ಚ ಕನ್ನಡದಲ್ಲಿ, ಒಂದಕ್ಷರವೂ ತಪ್ಪದೆ, "ನೀವೇ ಏನಾದ್ರೂ ಬರೆದುಬಿಡಿ ಸಾರ್" ಎಂದೆ.