ಮಾವನ ಕಾರು, ಟ್ರ್ಯಾಕಿನ ರಬ್ಬರು

ನಾನು ಮೊದಲ ಸಲ ಹೊರಟಿದ್ದು ಒಂದು ಸೋಮವಾರ. ಎಂಟನೇ ಕ್ಲಾಸು, ಲೆಕ್ಕದ ಪೀರಿಯಡ್ಡು. ‘ಒಂದಕ್ಕೆ ಹೋಗ್ಬರ್ತೀನಿ ಸಾರ್’ ಅಂತ ಎದ್ದು ಹೋದವನು ಇವತ್ತಿನವರೆಗೂ ವಾಪಸ್ ಹೋಗಿಲ್ಲ. ಆಮೇಲೆ ಹುಬ್ಬಳ್ಳಿಯಲ್ಲಿ ಹೋಟೆಲ್ಲು, ಮಂಗಳೂರಿನಲ್ಲಿ ಐಸ್ ಫ್ಯಾಕ್ಟರಿ, ಹೊಸೂರಿನಲ್ಲಿ ಕಾರಿಗೆ ಬಣ್ಣ ಹೊಡೆಯೋ ಶೆಡ್ಡು. ಎಲ್ಲಿ ಹೋದರೂ ಒಂದು ಮಾತ್ರ ಬದಲಾಗಲಿಲ್ಲ. ಏನಾದರೂ ಕಳೆಯಲಿ, ಕೆಡಲಿ, ಹಾಲೇ ಒಡೆಯಲಿ, ಜನ ಮೊದಲು ತಿರುಗಿ ನೋಡೋದು ನನ್ನ ಮುಖ. ಒಂದೂರಲ್ಲಿ ನಿಲ್ಲದವನ ಮುಖದಲ್ಲಿ ಅಂಥದ್ದೇನೋ ಇರಬೇಕು. ಚಾಮರಾಜಪೇಟೆಯ ಕಾರು ತೊಳೆಯೋ ಅಂಗಡಿಯಲ್ಲಂತೂ ನೀರಿಗಿಂತ ಅನುಮಾನವೇ ಜಾಸ್ತಿ ಹರಿಯಿತು.

ತಲೆ ಅಲ್ಲಾಡಿಸಿದ್ದು

ಅಂಗಡಿ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ. ‘ಗಾಡಿ ಓಡ್ಸಕ್ಕೆ ಬರುತ್ತೇನಯ್ಯಾ? ಒಳಗೆ ತಗೊಂಡು ತೊಳೆದು ಹೊರಗೆ ಬಿಡ್ಬೇಕು. ಬರ್ದಿದ್ರೆ ಈಗ್ಲೇ ಹೇಳಿ ನಡಿ.’

ನನಗೆ ಸೈಕಲ್ ಬಿಟ್ಟರೆ ಏನೂ ಬರಲ್ಲ. ಆದರೆ ಅಂಗಡಿ ಮೇಲೆ ಮಲಗೋಕೆ ರೂಮಿತ್ತು, ಎದುರಿಗೇ ದೋಸೆ ಹೋಟೆಲಿತ್ತು. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಹಾಗೆ ತಲೆ ಅಲ್ಲಾಡಿಸಿದೆ.

ಅವತ್ತಿನಿಂದ ಬಂದ ಗಿರಾಕಿಗಳಿಗೆಲ್ಲ ಒಂದೇ ಮಾತು: ‘ನೀವೇ ಒಳಗೆ ತನ್ನಿ ಸಾರ್. ನಿಮ್ಮ ಕೈಗೆ ಪಳಗಿದ ಗಾಡಿ, ನಾನ್ಯಾಕೆ ಮುಟ್ಲಿ?’ ಗಿರಾಕಿಗಳು ಉಬ್ಬಿ ಹೋಗೋರು. ಯಜಮಾನರು ಮಾತ್ರ ಒಂದು ದಿನ ಕಣ್ಣು ಕಿರಿದು ಮಾಡಿ ಕೇಳಿದರು. ‘ಇಷ್ಟೊಂದು ಮರ್ಯಾದೆ ಎಲ್ಲಿ ಕಲಿತೆ? ಜೈಲಲ್ಲಾ?’

ಎಮ್ಮೆ ಕಡೆಯವರು

ಬಸವನಗುಡಿಯಿಂದ ಒಬ್ಬರು ಬಿಳಿ ಕಾರು ತಂದರು. ಚಕ್ರದ ಹಿಂದೆ, ಬಾಗಿಲ ಕೆಳಗೆ, ಸಾಸಿವೆ ಒಗ್ಗರಣೆ ಸಿಡಿದ ಹಾಗೆ ಕಪ್ಪು ಚೂರುಗಳು. ಯಜಮಾನರು ನನ್ನನ್ನು ಪಕ್ಕಕ್ಕೆಳೆದು, ‘ಇವನು ಎಮ್ಮೆಗೆ ಗುದ್ದಿ ಬಂದಿದಾನೆ. ಪೊಲೀಸ್ ಬಂದ್ರೆ ನನಗೇನೂ ಗೊತ್ತಿಲ್ಲ’ ಅಂದರು.

ನಾನು ಕೇಳಿಯೇಬಿಟ್ಟೆ. ಆತ ಹಿಂದೆ ಮುಂದೆ ನೋಡಿ ಮೆಲ್ಲಗೆ ಹೇಳಿದರು. ‘ಎಮ್ಮೆ ಅಲ್ಲಪ್ಪಾ. ಮದ್ರಾಸ್ ಹತ್ರ ರೇಸ್ ಟ್ರ್ಯಾಕಿದೆ. ಅಲ್ಲಿ ಟೈರು ಕಾದು ರಬ್ಬರ್ ಉದುರುತ್ತೆ, ಮೆತ್ತಗಿರುವಾಗ್ಲೇ ಸಿಡಿದು ಬಣ್ಣಕ್ಕೆ ಅಂಟ್ಕೊಳುತ್ತೆ. ಗಾಡಿ ನನಗೆ ಹೆಣ್ಣು ಕೊಟ್ಟ ಮಾವಂದು. ಅವರ ಮನೆ ಮಹಡಿ ಮೇಲೇ ನಾವಿರೋದು. ತಿರುವಣ್ಣಾಮಲೆಗೆ ಗಿರಿಪ್ರದಕ್ಷಿಣೆಗೆ ಹೋಗ್ತೀನಿ ಅಂತ ಹೇಳಿ ಹೋಗಿದ್ದೆ. ಗೊತ್ತಾದ್ರೆ ಕೀನೂ ಹೋಯ್ತು, ಮಾನಾನೂ ಹೋಯ್ತು.’

ಹೊಸೂರಿನ ಶೆಡ್ಡಿನ ವಿದ್ಯೆ ಉಪಯೋಗಕ್ಕೆ ಬಂತು. ಆ ಚೂರನ್ನು ಉಗುರಲ್ಲಿ ಕೆರೆದರೆ ಬಣ್ಣವೂ ಜೊತೆಗೆ ಬರುತ್ತೆ. ಡಾಂಬರು ಬಿಡಿಸೋ ಟಾರ್ ರಿಮೂವರ್ ಹಾಕಿದ ಬಟ್ಟೆಯನ್ನು ಅದರ ಮೇಲಿಟ್ಟು ಸುಮ್ಮನೆ ಕಾಯಬೇಕು. ಮೆತ್ತಗಾದ ಮೇಲೆ ಒರೆಸಿದರೆ ತಾನೇ ಬಿಡುತ್ತೆ. ಉಳಿದ ತರಿಗೆ ನೀರು ಚಿಮುಕಿಸಿ, ಚಪಾತಿ ಹಿಟ್ಟಿನ ಹಾಗಿರೋ ಕ್ಲೇ ಉಂಡೆ ಆಡಿಸಬೇಕು. ಕೊನೆಗೆ ವ್ಯಾಕ್ಸು. ಸಂಜೆಗೆ ಕಾರು ಕೆನೆಹಾಲಿನ ಹಾಗಾಯಿತು.

ಯಜಮಾನರು ಕೆಳಗೆ ಬಿದ್ದ ಒಂದು ಚೂರನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಗಲ್ಲಾದೊಳಗಿಟ್ಟರು. ‘ಅದ್ಯಾಕೆ ಸಾರ್?’ ಅಂದೆ.

‘ಎಮ್ಮೆ ಕಡೆಯೋರು ಬಂದ್ರೆ ತೋರ್ಸಕ್ಕೆ.’

ಗಲೀಜು ಸೇವೆ

ಮುಂದಿನ ಸಲ ಬಂದಾಗ ಆ ಬಿಳಿ ಕಾರಿನ ಅಳಿಯಂದಿರ ಮುಖ ಸಪ್ಪಗಿತ್ತು. ‘ಕೆಟ್ಟೆ ಕಣಪ್ಪಾ. ಹೋಗುವಾಗ ಇಲ್ಲದ ಹೊಳಪು ಬರುವಾಗ ಹೆಂಗ್ ಬಂತು ಅಂತ ಮಾವ ಕೇಳಿದ್ರು. ರಬ್ಬರ್ ತೆಗಿ. ಆಮೇಲೆ ಭಕ್ತರ ಗಾಡಿ ಥರ ಗಲೀಜು ಮಾಡ್ಕೊಡು.’

ತೊಳೆದೆ, ಉಜ್ಜಿದೆ, ಹೊಳೆಯಿಸಿದೆ. ಆಮೇಲೆ ತುಳಸಿ ಕುಂಡದ ಮಣ್ಣು ಕಲಸಿ ಬಾಗಿಲಿಗೆ ಎರಚಿದೆ. ಬಾನೆಟ್ಟಿಗೆ ವಿಭೂತಿ, ಕುಂಕುಮ. ಚಕ್ರಕ್ಕೆ ನಿಂಬೆಹಣ್ಣು. ಕೆಲಸ ಚೆನ್ನಾಗಿ ಬಂತಾ ಅಂತ ಎರಡು ಹೆಜ್ಜೆ ಹಿಂದೆ ಸರಿದೆ. ಅಲ್ಲಿ ಯಜಮಾನರು ಕಾಫಿ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

‘ಸತ್ಯ ಹೇಳು,’ ಅಂದರು. ‘ಹಿಂದಿನ ರಸ್ತೆ ವಾಶಿಂಗ್‌ನೋನು ನಿನಗೆ ಎಷ್ಟು ಕೊಡ್ತಿದಾನೆ?’

ಟೇಪಿನ ಮಹಿಮೆ

ಅಂಟಿದ್ದನ್ನು ಕೀಳೋದಕ್ಕಿಂತ ಅಂಟದ ಹಾಗೆ ನೋಡಿಕೊಳ್ಳೋದು ವಾಸಿ ಅಂತ ನಾನೇ ಬುದ್ಧಿ ಹೇಳಿದೆ. ಹೊರಡೋ ಮುಂಚೆ ಬಂಪರಿಗೆ, ಚಕ್ರದ ಹಿಂದೆ, ಬಣ್ಣ ಹೊಡೆಯೋರ ಮಾಸ್ಕಿಂಗ್ ಟೇಪ್ ಅಂಟಿಸಿದರಾಯಿತು. ರಬ್ಬರೆಲ್ಲ ಟೇಪಿಗೆ. ಬಂದು ಕಿತ್ತು ಎಸೆದರೆ ಮುಗೀತು. ಹಿಂದಿನ ದಿನ ಸಂಜೆಯೇ ಅಂಟಿಸಿ ಕಳಿಸಿದೆ. ಅಳಿಯಂದಿರ ಹೆಂಡತಿ ನೋಡಿಬಿಟ್ಟರಂತೆ.

‘ಇದೇನ್ರೀ, ಕಾರಿಗೆ ಬ್ಯಾಂಡೇಜು?’

‘ದೃಷ್ಟಿಗೆ ಕಣೇ. ತಿರುವಣ್ಣಾಮಲೆಯಲ್ಲಿ ಒಬ್ರು ಸ್ವಾಮಿಗಳು ಹೇಳಿದ್ರು.’

ಮಾರನೇ ದಿನ ಆಯಮ್ಮ ಸ್ಕೂಟರಿನಲ್ಲಿ ಅಂಗಡಿಗೆ ಬಂದರು. ‘ಟೇಪು ಅಂಟ್ಸೋದು ನೀನೇ ಅಂತೆ? ಇದಕ್ಕೂ ಹಾಕಪ್ಪಾ, ಮಂತ್ರ ಏನಾದ್ರೂ ಇದ್ರೆ ಹೇಳಿ ಹಾಕು.’ ಅವರ ಹಿಂದೆ ಪಕ್ಕದ ಮನೆಯವರು. ಅವರ ಹಿಂದೆ ಹೂವಿನವಳ ತಳ್ಳುಗಾಡಿ. ವಾರದೊಳಗೆ ಆ ರಸ್ತೆಯ ಗಾಡಿಗಳಿಗೆಲ್ಲ ಟೇಪು.

ಯಜಮಾನರು ನನ್ನ ಭುಜ ಹಿಡಿದು ಒಳಗೆ ಕರೆದೊಯ್ದರು. ‘ಇದು ಯಾವ ಪಕ್ಷದ ಗುರುತಯ್ಯಾ? ನಿನ್ನನ್ನ ಇಲ್ಲಿಗೆ ಕಳಿಸಿದ್ದು ಯಾರು?’

ಮಾವನವರು ಬಂದರು

ಒಂದು ಬೆಳಿಗ್ಗೆ ಅಳಿಯಂದಿರ ಪಕ್ಕದ ಸೀಟಿನಿಂದ ಮಾವನವರೇ ಇಳಿದರು. ಜುಬ್ಬ, ಪಂಚೆ, ಮಡಚಿದ ಛತ್ರಿ. ಬಣ್ಣದ ಕಡೆ ನೋಡಲೇ ಇಲ್ಲ. ಸೀದಾ ಕುಕ್ಕರುಗಾಲಲ್ಲಿ ಕೂತು ಟೈರು ಸವರಿದರು.

‘ಬಣ್ಣ ಚೆನ್ನಾಗಿ ತೊಳ್ದಿದೀಯಪ್ಪಾ. ಟೈರು? ಯುಗಾದಿಗೆ ಹಾಕ್ಸಿದ ಹೊಸ ಟೈರು, ಅಂಚೆಲ್ಲ ಬೋಳು. ದೇವಸ್ಥಾನದ ದಾರೀಲಿ ಹಿಂಗೆ ಸವೆಯುತ್ತಾ?’

ಇಷ್ಟು ದಿನ ರಬ್ಬರು ಎಲ್ಲಿ ಅಂಟಿದೆ ಅಂತ ನೋಡಿದೆವೇ ಹೊರತು ಎಲ್ಲಿಂದ ಹೋಗಿದೆ ಅಂತ ಇಬ್ಬರೂ ನೋಡಿರಲಿಲ್ಲ. ಅಳಿಯಂದಿರು ಕರೆಂಟ್ ಕಂಬದ ತುದಿ ನೋಡುತ್ತಿದ್ದರು.

ಮಾವನವರು ಛತ್ರಿಯನ್ನು ನನ್ನ ಕಡೆ ತಿರುಗಿಸಿದರು. ‘ನಮ್ಮ ಅಳಿಯಂದ್ರು ಭಕ್ತಿಯಿಂದ ಹೋಗ್ಬಂದು ಗಾಡಿ ನಿನ್ನ ಹತ್ರ ಬಿಡ್ತಾರೆ. ಆಮೇಲೆ ನೀನು ರೇಸ್ ಓಡಿಸ್ತೀಯ!’

ಅಳಿಯಂದಿರಿಗೆ ಉಸಿರು ಬಂತು. ‘ಹೌದಾ ಮಾವಾ? ಛೆ! ಇವನನ್ನ ಎಷ್ಟು ನಂಬಿದ್ದೆ!’

ನನ್ನ ಹತ್ತಿರ ಇದ್ದದ್ದು ಒಂದೇ ಸಾಕ್ಷಿ: ನನಗೆ ಕಾರು ಓಡಿಸೋಕೇ ಬರಲ್ಲ ಅನ್ನೋದು. ಪಕ್ಕದಲ್ಲಿ ಯಜಮಾನರು. ಹೇಳಿದರೂ ಕೆಲಸ ಹೋಯ್ತು, ಹೇಳದಿದ್ದರೂ ಹೋಯ್ತು. ಹೇಳಿದೆ.

‘ಏನಂದೆ?’ ಅಂದರು ಯಜಮಾನರು. ಮಾವನವರು ಕೀ ಚಾಚಿದರು. ‘ಹತ್ತು. ನೋಡೇಬಿಡೋಣ.’

ಹತ್ತಿದೆ. ಕೀ ತಿರುಗಿಸಿದೆ. ವೈಪರ್ ಆಡಿತು, ಹಾರನ್ ಕೂಗಿತು. ಕಾಲಿಗೆ ಸಿಕ್ಕಿದ್ದನ್ನೆಲ್ಲ ತುಳಿದು ಬಿಟ್ಟೆ. ಕಾರು ಕಪ್ಪೆಯ ಹಾಗೆ ಎರಡು ಸಲ ನೆಗೆದು, ಶಾಂಪೂ ಬಕೆಟ್ ಒದ್ದು ಬೀಳಿಸಿ, ಸತ್ತು ನಿಂತಿತು. ನೊರೆಯಲ್ಲೇ ಇಳಿದು ಕೇಳಿದೆ, ‘ಈಗ ನಂಬಿದ್ರಾ ಸಾರ್?’

ಮಾವನವರು ಯಜಮಾನರ ಕಡೆ ತಿರುಗಿದರು. ‘ನೋಡಿದ್ರಾ? ಬರಲ್ಲ ಅಂತ ಇಷ್ಟು ಚೆನ್ನಾಗಿ ತೋರಿಸ್ಬೇಕಾದ್ರೆ ಎಷ್ಟು ಚೆನ್ನಾಗಿ ಬರ್ಬೇಕು!’

ಗಂಟು

ಯಜಮಾನರು ಎರಡು ಕಾರಣಕ್ಕೆ ನನ್ನನ್ನು ಕೆಲಸದಿಂದ ಬಿಡಿಸಿದರು. ಕಾರು ಓಡಿಸೋಕೆ ಬರದೆ ಮೋಸ ಮಾಡಿದ್ದಕ್ಕೆ ಒಂದು, ಗಿರಾಕಿ ಕಾರನ್ನು ರೇಸಿಗೆ ಓಡಿಸಿದ್ದಕ್ಕೆ ಇನ್ನೊಂದು. ‘ಎರಡೂ ಹೆಂಗೆ ಸಾರ್ ಆಗುತ್ತೆ?’ ಅಂದೆ.

‘ನನಗೂ ಅದೇ ಅನುಮಾನ,’ ಅಂದರು.

ಮೇಲೆ ಹೋಗಿ ಬಟ್ಟೆ, ಕಂಬಳಿ, ಕ್ಲೇ ಉಂಡೆ ಚೀಲಕ್ಕೆ ತುಂಬುತ್ತಿದ್ದೆ. ಮೆಟ್ಟಿಲ ಮೇಲೆ ಛತ್ರಿಯ ಸದ್ದು. ಮಾವನವರು ಒಬ್ಬರೇ ಏದುಸಿರು ಬಿಡುತ್ತಾ ಬಂದು ಬಾಗಿಲು ಹಾಕಿಕೊಂಡರು.

‘ನೀನು ಓಡ್ಸಿಲ್ಲ ಅಂತ ಗೊತ್ತಪ್ಪಾ.’

‘ಮತ್ತೆ?’

‘ಅಳಿಯನ್ನ ಹೆಂಗೆ ಕೇಳ್ಲಿ? ಕಾಲು ತೊಳೆದು ಮಗಳನ್ನ ಧಾರೆ ಎರೆದಿದೀನಿ. ಅವನ ಮುಖಕ್ಕೆ ಸುಳ್ಳ ಅನ್ನೋ ಹಂಗಿಲ್ಲ. ಅವನಿಗೆ ಕೇಳೋ ಹಂಗೆ ಇನ್ಯಾರಿಗಾದ್ರೂ ಬೈಬೇಕು. ನೀನು ಕೈಗೆ ಸಿಕ್ದೆ.’

‘ಸರಿ ಬಿಡಿ, ಹೆದರಿದಾರೆ. ಇನ್ನು ಹೋಗಲ್ಲ.’

‘ಎಲ್ಲಿ? ಕಾರಲ್ಲಿ ಕೂತ ತಕ್ಷಣ, ಮನಸ್ಸಿಗೆ ನೋವಾಯ್ತು ಮಾವಾ, ಬರೋ ಹುಣ್ಣಿಮೆಗೆ ಮತ್ತೆ ಗಿರಿಪ್ರದಕ್ಷಿಣೆ ಮಾಡ್ಬೇಕು ಅಂದ.’ ಮುದುಕರು ನನ್ನ ಚಾಪೆ ಮೇಲೆ ಕೂತು ಜುಬ್ಬದ ತೋಳು ಮಡಚಿದರು. ‘ಆ ರಬ್ಬರ್ ಚೂರು ಮಗಳು ಕಂಡ್ರೆ ಮನೆ ಕುರುಕ್ಷೇತ್ರ. ಇನ್ಮೇಲೆ ನಾನೇ ಉಜ್ಜಬೇಕು. ಹೇಳ್ಕೊಡು. ಮೊದಲು ಈ ಉಂಡೇನೋ, ಕೆಳಗೆ ಡಬ್ಬೀಲಿ ಕಂಡ ಟಾರ್ ರಿಮೂವರ್ರೋ?’

ಬಕೆಟ್ ಬೆನ್ನಿನ ಮೇಲೆ ಉಜ್ಜಿ ಹೇಳಿಕೊಟ್ಟೆ. ಉಂಡೆಯನ್ನೂ ಅವರಿಗೇ ಕೊಟ್ಟೆ. ಕಣ್ಣು ಒದ್ದೆ ಮಾಡಿಕೊಂಡು ನನ್ನ ತಲೆ ಮೇಲೆ ಕೈಯಿಟ್ಟರು. ನಾನು ಚೀಲದ ಬಾಯಿ ಬಿಗಿದು ಹೆಗಲಿಗೇರಿಸಿದೆ. ಅವರು ಬಾಗಿಲ ಹತ್ತಿರ ಹೋದವರು ನಿಂತರು.

‘ತಪ್ಪು ತಿಳ್ಕೋಬೇಡ. ಕಾರಿನ ಎರಡನೇ ಕೀ ಸಿಗ್ತಿಲ್ಲ. ಆ ಚೀಲ ಒಂಚೂರು ಬಿಚ್ಚು, ನೋಡ್ಬಿಡೋಣ.’